ಬೀಗರು ಹೊಗಳಿದ ಪಟ್ಟಿ

ಸಾದಿರ್‌ಕುಲ್ ಮುದುಕನ ಹೃದಯ ಸೋತಿತ್ತು, ಹಟ ಸೋತಿರಲಿಲ್ಲ. ಮನೆಗೆ ಬಂದವರು ಯಾವ ವಸ್ತುವನ್ನು ಹೊಗಳಿದರೂ ಅದನ್ನು ಅವರಿಗೇ ಕೊಟ್ಟುಬಿಡುವುದು ನಾರಿನ್ ಕಣಿವೆಯ ಪದ್ಧತಿ. ಅವನಪ್ಪ ಹೀಗೇ ಒಳ್ಳೆಯ ಕುದುರೆಯೊಂದನ್ನು ಕಳೆದುಕೊಂಡಿದ್ದ. ಹಾಗಾಗಿ ಬೀಗರಾದ ಜೆಕ್ಷೆನ್ ಊಟ ಮುಗಿಸಿ, "ಭಾಳ ಚೆನ್ನಾಗಿದೆ ನಿಮ್ಮ ಕೈಪಟ್ಟಿ" ಎಂದಾಗ, ಅವನು ಅದನ್ನು ಬಿಚ್ಚಿ ಅವರ ಕೈಗೇ ಕಟ್ಟಿದ. ಅದು ಸೋತ ಹೃದಯದವರ ಮೇಲೆ ಪರೀಕ್ಷಿಸಿ ನೋಡಲೆಂದು ಆಸ್ಪತ್ರೆಯವರು ಕೊಟ್ಟಿದ್ದ ಹೊಸ ಪಟ್ಟಿ. ಬಿಪಿ ಅಳೆದು, ತಾನೇ ಆಸ್ಪತ್ರೆಗೆ ಸುದ್ದಿ ಮುಟ್ಟಿಸುತ್ತಿತ್ತು.

ಮರುದಿನವೇ ನರ್ಸ್ ಬುರುಲ್ಚಾ ಜೀಪಿನಿಂದಿಳಿದು ಓಡಿಬಂದಳು.

"ಮಲಗಿ ಅಜ್ಜ. ನಿಮ್ಮ ಬಿಪಿ ಇನ್ನೂರಿಪ್ಪತ್ತಾಗಿದೆ."

ತಾನು ತಂದ ಯಂತ್ರದಲ್ಲಿ ಅಳೆದರೆ ನೂರಹತ್ತು. ಅವಳಿಗೆ ಸಿಟ್ಟು ನೆತ್ತಿಗೇರಿತು. "ದರಿದ್ರ ಪಟ್ಟಿ. ಕೆಲಸಕ್ಕೆ ಬಾರದ್ದು ಅಂತ ಆಸ್ಪತ್ರೆಗೆ ಇವತ್ತೇ ಹೇಳ್ತೀನಿ."

ನಿಜ ಹೇಳಿದರೆ ಕೊಟ್ಟದ್ದನ್ನು ವಾಪಸ್ ಕೇಳಿದಂತಾಗಿ ಬೀಗರ ಮುಂದೆ ಮಾನ ಹೋಗುತ್ತಿತ್ತು. ಹೇಳದಿದ್ದರೆ ಬೀಗರೇ ಹೋಗುತ್ತಿದ್ದರು.

"ಪಟ್ಟಿದೇನೂ ತಪ್ಪಿಲ್ಲ ಮಗಳೇ. ಅದು ಬೀಗರ ಕೈಲಿದೆ."

ಇಬ್ಬರನ್ನೂ ಹೊತ್ತು ಜೀಪು ಹೊಳೆ ದಾಟಿ ಬೀಗರ ಮನೆಗೆ ಹಾರಿತು. ಜೆಕ್ಷೆನ್ ಅಂಗಳದ ಗೋಡೆಗೊರಗಿ ತಲೆ ಹಿಡಿದು ಕೂತಿದ್ದರು, ಮುಖ ಕೆಂಡವಾಗಿತ್ತು. ಇವರನ್ನು ಕಂಡವರೇ ಪಟ್ಟಿ ಬಿಚ್ಚತೊಡಗಿದರು.

"ಕೊಟ್ಟಿದ್ದನ್ನ ವಾಪಸ್ ಕೇಳೋಕೆ ಬಂದ್ರಾ ಬೀಗರೇ? ತಗೊಳ್ಳಿ, ನಮಗೇನೂ ಇದರಾಸೆ ಇಲ್ಲ."

ಸಾದಿರ್‌ಕುಲ್ ಏದುಸಿರು ಬಿಡುತ್ತ ಅವರ ಮಣಿಕಟ್ಟನ್ನು ಒತ್ತಿ ಹಿಡಿದ.

"ಪಟ್ಟಿ ನಿಮ್ಮದೇ. ನಾನು ಬಂದಿರೋದು ನಿಮ್ಮನ್ನ ಕರ್ಕೊಂಡು ಹೋಗೋಕೆ. ಬಾಯಿ ಮುಚ್ಕೊಂಡು ಜೀಪ್ ಹತ್ತಿ."