ಅಪ್ಪ ಮಾಡಿದ ಸೂಜಿ

ನನ್ನಪ್ಪ ಡಾಕ್ಟರನಲ್ಲ. ಗದಗಿನಲ್ಲಿ ಕಂಪೌಂಡರ್ ಆಗಿದ್ದು, ಆಮೇಲೆ ರೋಣ ತಾಲೂಕಿನ ನಮ್ಮೂರಿಗೆ ಬಂದು ಕೂತವನು. ಊರಿಗೆ ಮಾತ್ರ ಅವನು ‘ಡಾಕ್ಟರ್ರು’. ನಮ್ಮ ಜನಕ್ಕೆ ಗುಳಿಗೆ ಅಂದರೆ ತಾತ್ಸಾರ. ಸೂಜಿ ಮಾಡದಿದ್ದರೆ ಜ್ವರವೂ ಇಳಿಯದು, ಡಾಕ್ಟರಿಗೆ ಮರ್ಯಾದೆಯೂ ಇಲ್ಲ. ನರೇಗಲ್ ಸಂತೆಗೆ ಹೊರಟವರು ಕೂಡ ಮೈಕೈ ನೋವೆಂದು ದಾರಿಯಲ್ಲೇ ಒಂದು ಸೂಜಿ ಮಾಡಿಸಿಕೊಂಡು ಹೋಗುತ್ತಿದ್ದರು. ಅಪ್ಪ ಬೆಳಿಗ್ಗೆ ಒಮ್ಮೆ ಸಿರಿಂಜು, ಸೂಜಿ ಕುದಿಸುತ್ತಿದ್ದ. ಆಮೇಲೆ ದಿನವಿಡೀ ಎಲ್ಲರಿಗೂ ಅದೇ ಸೂಜಿ, ನಡುವೆ ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಮುಗಿಯಿತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಸಂಶೋಧನೆಯ ಡಾಕ್ಟರೊಬ್ಬರು ಬಂದರು. ಅಷ್ಟರಲ್ಲಿ ಅಪ್ಪ ಕೆಲಸ ಬಿಟ್ಟು ಕೆಲವು ವರ್ಷಗಳಾಗಿದ್ದವು. ನಮ್ಮೂರಲ್ಲಿ ಹೆಪಟೈಟಿಸ್ ಸಿ ಯಾಕೆ ಹೆಚ್ಚು ಎಂದು ಅವರು ತಿಳಿಯಬೇಕಿತ್ತು. ರಕ್ತದಿಂದ ರಕ್ತಕ್ಕೆ ದಾಟಿ, ವರ್ಷಗಟ್ಟಲೆ ಸದ್ದಿಲ್ಲದೆ ಲಿವರ್ ಕೆಡಿಸುವ ಸೋಂಕು ಅದು. ಟೀಚರ್ ಆಗಿದ್ದ ನನ್ನನ್ನು ಫಾರಂ ತುಂಬಲು ಕರೆದರು. ಮೊದಲ ಪ್ರಶ್ನೆಯೇ, ಸೂಜಿ ಮಾಡಿಸಿಕೊಂಡಿದ್ದೀರಾ?

“ಇಲ್ಲವ್ವಾ, ಸೂಜಿ ಅಂದ್ರ ಏನಂತಾನ ಗೊತ್ತಿಲ್ಲ” ಎಂದಳು ಪಕ್ಕದ ಮನೆಯ ಅಜ್ಜಿ. ಹಿಂದೆ ವಾರಕ್ಕೆರಡು ಸಲ ಸೂಜಿಗೆಂದು ನಮ್ಮ ಕಟ್ಟೆಗೆ ಬಂದು ಕೂರುತ್ತಿದ್ದವಳು! ಓಣಿಗೆ ಓಣಿಯೇ ಹಾಗೆ ಹೇಳಿತು. ಕೆಲವರು ಪರೀಕ್ಷೆಗೆ ರಕ್ತ ಕೊಡಲೂ ಒಲ್ಲೆ ಎಂದರು. ತಮ್ಮ ‘ಡಾಕ್ಟರ್ರ’ ಹೆಸರು ಕೆಡಬಾರದು, ಅಷ್ಟೇ. ನಾನೂ ಗೊತ್ತಿದ್ದೂ ‘ಇಲ್ಲ’ ಎಂದು ಬರೆಯುತ್ತ ಹೋದೆ. ಖರೆ ಹೇಳಬೇಕೆಂದರೆ ನನಗೆ ಹಾಯೆನಿಸಿತ್ತು.

ಸಂಜೆ ಮನೆಗೆ ಬಂದು ಇದನ್ನೆಲ್ಲ ನಗುತ್ತ ಅಪ್ಪನಿಗೆ ಹೇಳಿದೆ. ಅಪ್ಪ ನಗಲಿಲ್ಲ. ಮರುದಿನ ಬೆಳಿಗ್ಗೆ ಅಂಗಿ ತೊಟ್ಟು ನನ್ನ ಜೊತೆ ಹೊರಟ. ಅಜ್ಜಿಯ ಎದುರಿಗೆ ನೆಲದ ಮೇಲೇ ಕೂತ.

“ಯವ್ವಾ, ಮೊಮ್ಮಗ ಹುಟ್ಟಿದ ವರ್ಷ ನಿನಗ ಜ್ವರ ಬಂದಿತ್ತಲ್ಲ, ನಾನ ಸೂಜಿ ಮಾಡೇನಿ. ರೋಗ ಇದ್ರ ಈಗ ಔಷಧ ಐತಿ. ನನ್ನ ಹೆಸರ ಉಳಿಸಿ ನೀ ಸಾಯ್ತೀಯೇನು?”

ಅಜ್ಜಿ ಅತ್ತಳು. ಆಮೇಲೆ ಕೈ ಚಾಚಿದಳು. ಮೂರು ದಿನ ಅಪ್ಪ ಹೀಗೇ ಮನೆಮನೆ ತಿರುಗಿದ.

ಕಡೆಯ ಮನೆ ನಮ್ಮದು. ಫಾರಂ ಮೇಲೆ ನನ್ನ ಹೆಸರು ಬರೆಯಲು ಹೇಳಿದ.

“ನನಗ ಯಾವಾಗ ಮಾಡೀದಿ? ನೆನಪಿಲ್ಲ” ಎಂದೆ.

ಸುಳ್ಳು. ನಾಲ್ಕನೇ ಇಯತ್ತೆಯಲ್ಲಿದ್ದಾಗ ಟೈಫಾಯ್ಡ್ ಬಂದು ಹತ್ತು ದಿನ ಅವನೇ ಚುಚ್ಚಿದ್ದ. ಅಪ್ಪ ಪೆನ್ನು ಕಸಿದುಕೊಂಡು ತಾನೇ ಬರೆದ.

ಸೋಂಕು ನನ್ನ ರಕ್ತದಲ್ಲೂ ಸಿಕ್ಕಿತು. ಅದಕ್ಕೆ ಔಷಧ ಎಂದರೆ ವಾರಕ್ಕೊಂದು ಇಂಟರ್‌ಫೆರಾನ್ ಸೂಜಿ, ದಿನಾ ಗುಳಿಗೆ, ತಿಂಗಳುಗಟ್ಟಲೆ. ಎರಡನೇ ವಾರದ ಸೂಜಿಗೆ ನರ್ಸ್ ಬಾಯಿ ಮನೆಗೆ ಬಂದಾಗ ಅಪ್ಪ ಎದ್ದು ಹಿತ್ತಲಿಗೆ ಹೋದ. ನನಗೆ ಅವನ ಮೇಲೆ ಸಿಟ್ಟಿತ್ತು. ಆದರೆ ಅವನು ಹಾಗೆ ತಲೆ ತಗ್ಗಿಸಿ ಎದ್ದು ಹೋಗಿದ್ದನ್ನು ನನ್ನಿಂದ ನೋಡಲಾಗಲಿಲ್ಲ.

“ಅಪ್ಪಾ, ನೀನ ಮಾಡು ಬಾ.”

“ನನ್ನ ಕೈಲೆ ಬ್ಯಾಡವಾ.”

“ನಿನ್ನಷ್ಟ ಹಗೂರ ಯಾರ ಮಾಡ್ತಾರ?”

ನರ್ಸ್ ಬಾಯಿ ಹೊಸ ಸಿರಿಂಜು ತುಂಬಿ ಅವನ ಕೈಗೆ ಕೊಟ್ಟಳು. ಅಪ್ಪ ನನ್ನ ತೋಳನ್ನು ಸ್ಪಿರಿಟ್ ಹತ್ತಿಯಲ್ಲಿ ಎರಡೆರಡು ಸಲ ಒರೆಸಿದ. ಅಪ್ಪ ಮಾಡಿದ ಸೂಜಿ ಜೀವನದಲ್ಲಿ ಮೊದಲ ಸಲ ನನಗೆ ನೋಯಿತು.

“ನೋವಾತೇನವಾ?” ಎಂದು ಕೇಳಿದ.

“ಹೂಂ, ಆತು” ಎಂದೆ. ಮುಂದಿನ ವಾರವೂ ಅವನೇ ಮಾಡಿದ.