ಚರಗದ ಬುಟ್ಟಿ ಮತ್ತು ನನ್ನ ಕೆಟ್ಟ ರಕ್ತ

ಎಳ್ಳಮಾವಾಸ್ಯೆಯಂದು ಚರಗದ ಬುಟ್ಟಿ ಹೊತ್ತು ಬರಿಗಾಲಲ್ಲಿ ಹೊಲಕ್ಕೆ ನಡೆದು, ಭೂಮಿತಾಯಿಗೆ ಹಬ್ಬದಡುಗೆ ಚೆಲ್ಲುವುದು ನಮ್ಮ ಮನೆಯಲ್ಲಿ ಹಿರಿಯ ಸೊಸೆಯ ಹಕ್ಕು. ನೆಲೋಗಿಯ ಆ ಮನೆಗೆ ಹಿರಿಯ ಸೊಸೆ ನಾನು. ಎಂಬತ್ತರ ದಶಕದ ಒಂದು ವರ್ಷ ಆ ಹಕ್ಕನ್ನು ನನ್ನಿಂದ ಕಿತ್ತುಕೊಂಡರು. ಅದನ್ನು ಮರೆತಿಲ್ಲ, ಮರೆಯುವ ಉದ್ದೇಶವೂ ಇಲ್ಲ.

ಹಬ್ಬದ ಹಿಂದಿನ ವಾರ ತೊಗರಿ ಕೊಯ್ಯುವಾಗ, ನೆಲದಲ್ಲಿ ಉಳಿದ ಚೂಪಾದ ಕೂಳೆ ನನ್ನ ಕಾಲಿಗೂ, ಮೈದುನನ ಹೆಂಡತಿಯಾದ ನನ್ನ ನೆಗೆಣ್ಣಿಯ ಕಾಲಿಗೂ ಚುಚ್ಚಿತು. ನನ್ನ ಪಾದ ಕೆಂಪಾಗಿ ಬಾತು, ಕೀವು ಕಟ್ಟಿ, ಜ್ವರ ಬಂತು. ಅವಳ ಗಾಯ ತಣ್ಣಗೆ ಸುಮ್ಮನಿತ್ತು. ಆ ಸುಂದರ ಪಾದ ಕಂಡು ನನ್ನ ಹೊಟ್ಟೆ ಉರಿಯಿತು.

"ಹಿರೇಕಿದು ಕೆಟ್ಟ ರಕ್ತ ಅದ. ಬುಟ್ಟಿ ಸಣ್ಣಾಕಿನೇ ಹೊರಲಿ," ಎಂದರು ಅತ್ತೆ.

"ನನಗೇನೂ ನೋವಿಲ್ರಿ ಅತ್ತೀ, ಚುಚ್ಚಿದ್ದೂ ಗೊತ್ತಾಗಿಲ್ಲ," ಎಂದು ನೆಗೆಣ್ಣಿ ನನ್ನತ್ತ ನೋಡಿ ನಕ್ಕಳು. ಹಬ್ಬದ ದಿನ ಬುಟ್ಟಿ ಹೊತ್ತು ನಡೆದೇ ಬಿಟ್ಟಳು.

ಹಬ್ಬ ಮುಗಿದ ಮೇಲೆ ಅವಳ ಕಾಲ್ಬೆರಳು ಕಪ್ಪಾಯಿತು. ಅತ್ತೆ ಇಬ್ಬರನ್ನೂ ಬಸ್ಸಿನಲ್ಲಿ ಜೇವರ್ಗಿಯ ಆಸ್ಪತ್ರೆಗೆ ಕರೆದೊಯ್ದರು. ಕಿಟಕಿಯ ಸೀಟು ಅವಳಿಗೇ.

ಡಾಕ್ಟರು ಮೊದಲು ನನ್ನ ಕಾಲು ನೋಡಿದರು. ಅತ್ತೆ ಅಲ್ಲಿಯೂ ರಕ್ತದ ಮಾತೆತ್ತಿದರು.

"ಕೆಟ್ಟ ರಕ್ತ ಅಲ್ರಿ ಅವ್ವಾರ, ಕಾವಲು ಕಾಯೋ ರಕ್ತ. ಚರ್ಮ ಹರಿದು ರೋಗಾಣು ಒಳಗ ಹೊಕ್ಕರ, ಅಲ್ಲಿದ್ದ ಜೀವಕೋಶ ಕೂಗಿ ಕರೀತಾವ. ನೆತ್ತರು ಅಲ್ಲಿಗೇ ನುಗ್ಗತದ. ಅದಕ್ಕೇ ಕೆಂಪು, ಬಿಸಿ, ಬಾವು. ಬಿಳಿ ರಕ್ತಕಣ ಬಂದು ರೋಗಾಣು ನುಂಗತಾವ, ತಾವೂ ಸಾಯ್ತಾವ. ಕೀವು ಅಂದ್ರ ಅದೇ. ಯಾರೂ ಕಲಿಸಬೇಕಿಲ್ಲ, ಈ ಶಕ್ತಿ ಹುಟ್ಟತಲೇ ಬಂದಿರ್ತದ."

ಆಮೇಲೆ ನೆಗೆಣ್ಣಿಯ ಪರೀಕ್ಷೆಯಾಯಿತು. "ಈ ತಂಗಿಗೆ ಸಕ್ಕರಿ ಕಾಯಿಲೆ ಅದ. ನರ ಜಡ ಆಗ್ಯಾವ, ನೋವು ತಿಳಿದಿಲ್ಲ. ಬಿಳಿ ಕಣನೂ ಸೋತಾವ. ಬರಿಗಾಲಾಗ ಯಾರು ನಡಿಸಿದ್ರು?"

ಅತ್ತೆ ಈಗಲಾದರೂ ತಮ್ಮ ಮಾತು ಹಿಂತೆಗೆದುಕೊಳ್ಳುವರೆಂದು ಕಾದೆ. ಅವರು ಅವಳ ತಲೆ ನೇವರಿಸಿ, "ಅಯ್ಯ ನನ್ನ ಕೂಸೇ, ಎಷ್ಟ್ ತಡಕೊಂಡಿ ಬೇ!" ಎಂದರು.

ಅವಳ ಬೆರಳು ತೆಗೆದರು. ಮರುವರ್ಷ ಬುಟ್ಟಿ ನನ್ನ ತಲೆಗೆ ಬಂತು. ನೆಗೆಣ್ಣಿ ಚಪ್ಪಲಿ ಮೆಟ್ಟಿ ಬಂಡಿಯಲ್ಲಿ ಕುಳಿತಿದ್ದಳು.

"ಚಂದಗೆ ಚೆಲ್ಲು, ಹ್ವಾದ ವರ್ಷ ಆಕಿ ಚೆಲ್ಲಿದಂಗ," ಎಂದರು ಅತ್ತೆ.

ನೆಗೆಣ್ಣಿ ಎಲ್ಲಿಯವರೆಗೆ ಎಸೆದಿದ್ದಳೆಂದು ಮೈದುನನಿಂದ ಮೊದಲೇ ಕೇಳಿ ತಿಳಿದಿದ್ದೆ. ಬುಟ್ಟಿಯ ಸಜ್ಜೆ ಕಡುಬನ್ನು ಮುಷ್ಟಿ ತುಂಬ ಹಿಡಿದು, ಅದಕ್ಕಿಂತ ದೂರ ಎಸೆದೆ.