ಮುಚ್ಚಳ ತೆರೆಯದ ಡಬ್ಬಿ

ಆ ಒಂದೆರಡು ವರ್ಷ ರಂಜಾನ್ ತಿಂಗಳು ದಸರಾ, ದೀಪಾವಳಿಗೆ ತಾಗಿಕೊಂಡೇ ಬಂತು. ನಮ್ಮ ಯಜಮಾನರು ಸವದತ್ತಿಯಲ್ಲಿ ಬಾಡಿಗೆಯ ಟ್ರ್ಯಾಕ್ಸ್ ಓಡಿಸುತ್ತಿದ್ದರು. ದೇವಿಯ ಗುಡ್ಡಕ್ಕೆ ಹೋಗುವವರು, ಹಬ್ಬಕ್ಕೆ ತವರಿಗೆ ಬರುವವರು, ಬೈಲಹೊಂಗಲಕ್ಕೆ ಬಟ್ಟೆಗೆ ಹೊರಟವರು, ಎಲ್ಲರಿಗೂ ಆಗಲೇ ಗಾಡಿ ಬೇಕು. ರೋಜಾ ಹಿಡಿದು ಹಗಲೆಲ್ಲ ಉಪವಾಸ ಇದ್ದವರು ಹೊತ್ತು ಮುಳುಗುವಷ್ಟರಲ್ಲಿ ಮನೆಯಲ್ಲಿರಲಿ ಎಂದು ನನ್ನ ಆಸೆ. ಸೀಜನ್ನಿನಲ್ಲಿ ಸೂಟಿ ಕೇಳಬೇಡ ಎಂದು ಗಾಡಿಯ ಮಾಲೀಕರ ಮಾತು. ಆದರೂ ಎಷ್ಟೋ ದಿನ ಆಜಾನಿಗೆ ಮೊದಲೇ ಬಂದು, ಕೈಕಾಲು ತೊಳೆದು ಉಪವಾಸ ಮುರಿಯಲು ನಮ್ಮ ಸಾಲಿನಲ್ಲಿ ಕೂರುತ್ತಿದ್ದರು. ಅದೇ ಅಲ್ಲಾಹನ ದೊಡ್ಡ ದಯೆ ಎಂದುಕೊಳ್ಳುತ್ತಿದ್ದೆ.

ಆ ವರ್ಷ ಮಗಳು ಮೊದಲ ಸಲ ರೋಜಾ ಹಿಡಿದಿದ್ದಳು. ಮಧ್ಯಾಹ್ನವಾದರೆ ತುಟಿ ಒಣಗಿ ಚಾಪೆಯ ಮೇಲೆ ಬಿದ್ದಿರುತ್ತಿದ್ದಳು. ಬಿಟ್ಟುಬಿಡೇ ಅಂದರೆ ಕೇಳುತ್ತಿರಲಿಲ್ಲ.

"ಅಬ್ಬಾ ಬಿಸಲಾಗ ಗಾಡಿ ಹೊಡದು ರೋಜಾ ಇರತಾರ. ನನಗ ನೆರಳಾಗ ಮಲಗಿ ಇರಾಕ ಆಗೂದಿಲ್ಲೇನು?"

ದೀಪಾವಳಿಯ ಮರುದಿನ ಪಕ್ಕದ ಮನೆಯಾಕೆ ತಾಟಿನ ತುಂಬ ಕರ್ಚಿಕಾಯಿ ತಂದರು. ಹೊಸದಾಗಿ ಮದುವೆಯಾದ ಅವರ ಮಗಳನ್ನು ಕಿತ್ತೂರಿನಿಂದ ಹಬ್ಬಕ್ಕೆ ಕರೆತಂದದ್ದು ನಮ್ಮವರ ಗಾಡಿಯಲ್ಲೇ.

"ಸಂಜಿಗೆ ತಿನ್ರಿ. ನಿಮ್ಮ ಯಜಮಾನ್ರು ಭಾಳ ಚಲೋ ಮನಶಾರಿ. ಮಧ್ಯಾನ್ನ ಬೀಗರ ಮನ್ಯಾಗ ಉಣ್ರಿ ಅಂದ್ರ ಒಲ್ಲೆ ಅನಲಿಲ್ಲ. ಎರಡ ರೊಟ್ಟಿ ಉಂಡ್ರು."

ನನ್ನ ಮುಖ ನೋಡಿ ಆಕೆ ತಡವರಿಸಿದರು. "ನಮ್ಮ ಕಡಿ ಉಪಾಸ ಎಲ್ಲಾ ಹೆಂಗಸರಿಗೆ, ಉಣ್ಣೂದು ಗಂಡಸರಿಗೆ. ನಿಮ್ಮಲ್ಲೂ ಹಂಗ ಅಂತ ತಿಳದಿನಿ."

ಅಂದು ಸಂಜೆ ನಮ್ಮವರು ದುವಾ ಹೇಳಿ ಖರ್ಜೂರ ಬಾಯಿಗಿಟ್ಟರು. ಅವರ ಕೈಯನ್ನೇ ಕಾಯುತ್ತಿದ್ದ ಮಗಳು ಆಮೇಲೆ ತನ್ನದನ್ನು ತಿಂದಳು. ಹಸಿದವರ ಕೈ ಇಷ್ಟು ನಿಧಾನ ಇರುತ್ತದೆಯೇ? ನಾನು ಕೇಳಲಿಲ್ಲ. ಪ್ರಯಾಣದಲ್ಲಿರುವವರು ರೋಜಾ ಬಿಟ್ಟು ಆಮೇಲೆ ಹಿಡಿಯಬಹುದು ಎಂಬ ಸವಲತ್ತು ನನಗೆ ಗೊತ್ತಿಲ್ಲದ್ದಲ್ಲ. ಬಿಟ್ಟವರು ಬಿಟ್ಟೆ ಎನ್ನಬೇಕು, ಹಿಡಿದವರ ಸಾಲಿನಲ್ಲಿ ಯಾಕೆ ಕೂರಬೇಕು? ಬಾಯಿಬಿಟ್ಟರೆ ಮಗಳ ಧೈರ್ಯ ಅಲ್ಲೇ ಮುರಿಯುತ್ತಿತ್ತು. ಅವತ್ತಿನಿಂದ ಅವರ ಅಂಗಿಯ ವಾಸನೆ ನೋಡಿದೆ, ಗಾಡಿಯಲ್ಲಿನ ನೀರಿನ ಬಾಟಲಿ ಖಾಲಿಯೋ ತುಂಬಿದೆಯೋ ನೋಡಿದೆ. ರಂಜಾನ್ ಹಬ್ಬದ ದಿನ ಸುರಕುಂಬಾ ಪಾಯಸಕ್ಕೆ ಇಟ್ಟ ಹಾಲು ಒಡೆಯಲಿಲ್ಲ, ಮಗಳ ಫ್ರಾಕು ಅಳತೆಗೆ ಸರಿಯಾಗಿ ಬಂತು. ಎರಡಕ್ಕೂ ಅಲ್ಲಾಹನಿಗೆ ಶುಕ್ರ್ ಹೇಳಿದೆ. ಮನಸ್ಸಿನ ಹುಳ ಮಾತ್ರ ಹಾಗೇ ಇತ್ತು.

ಚಳಿ ಬಿದ್ದ ಮೇಲೆ ಬಾಡಿಗೆ ಕಡಿಮೆಯಾಯಿತು. ಟ್ರಿಪ್ ಇಲ್ಲದ ದಿನ ಗಾಡಿ ಸ್ಟ್ಯಾಂಡಿನಲ್ಲೇ ನಿಂತಿರುತ್ತಿತ್ತು. ಆ ದಿನಗಳಲ್ಲೇ ಅವರು ಮಧ್ಯಾಹ್ನ ಉಣ್ಣುವುದನ್ನು ಬಿಟ್ಟರು. ಒಂದು ದಿನ "ಹೊಟ್ಟಿ ಬಿಗದೈತಿ," ಇನ್ನೊಂದು ದಿನ "ಹೊರಗ ತಿಂದೇನಿ." ಮಗಳ ಕೈಯಲ್ಲಿ ಡಬ್ಬಿ ಕಳಿಸಿದರೆ ಮುಚ್ಚಳ ಸಹ ತೆರೆಯದೆ ವಾಪಸ್ಸು ಬಂತು. ಹಸಿದಿರಬೇಕಾದಾಗ ಉಂಡವರು ಈಗ ಮನೆಯ ರೊಟ್ಟಿ ಒಲ್ಲೆ ಅನ್ನುತ್ತಾರೆಂದರೆ ಬೇರೆ ಯಾರ ಮನೆಯ ರೊಟ್ಟಿ ರುಚಿಯಾಗಿದೆ? ಬಾಡಿಗೆ ಇದ್ದಾಗ ಮುರಗೋಡದ ಕಡೆ ಹೆಚ್ಚು ಓಡಾಡುತ್ತಿದ್ದರು. ನನ್ನ ತಲೆ ಮುರಗೋಡದ ಓಣಿಗಳನ್ನೆಲ್ಲ ಸುತ್ತಿ ಬಂತು.

ಒಂದು ದಿನ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಡಬ್ಬಿ ಹಿಡಿದು ನಾನೇ ಸ್ಟ್ಯಾಂಡಿಗೆ ಹೋದೆ. "ಸೀಟಿನ ಮ್ಯಾಲೆ ಇಡು, ಆಮ್ಯಾಲೆ ಉಣತೇನಿ," ಅಂದರು. ಇಟ್ಟು, ಮನೆಗೆ ಹೋಗುವವಳಂತೆ ಹೊರಟು, ಎದುರಿನ ಬಳೆ ಅಂಗಡಿ ಹೊಕ್ಕೆ. ಬಳೆಯವನು ತೋರಿಸಿ ತೋರಿಸಿ ಸುಸ್ತಾದ.

"ಯವ್ವಾ, ಬಳಿ ನೋಡಾಕ ಬಂದೀರೋ, ಸ್ಟ್ಯಾಂಡ್ ನೋಡಾಕ ಬಂದೀರೋ?"

ಅಷ್ಟರಲ್ಲಿ ಹೊತ್ತು ಮುಳುಗಿ ಮಸೂತಿಯಿಂದ ಮಗ್ರಿಬ್ ಆಜಾನ್ ಕೇಳಿಸಿತು. ನಮ್ಮವರು ಗಾಡಿಯ ಮುಂದಿನ ಖಾನೆಯಿಂದ ಖರ್ಜೂರ ತೆಗೆದರು. ದುವಾ ಹೇಳುತ್ತ ತುಟಿ ಅಲುಗಿತು. ಖರ್ಜೂರ ತಿಂದು ನೀರು ಕುಡಿದರು. ನನ್ನ ಕಾಲು ತಾನಾಗಿ ರಸ್ತೆ ದಾಟಿತು. ಪಕ್ಕದ ಗಾಡಿಯ ಡ್ರೈವರ್ ನನ್ನನ್ನು ಕಂಡು ನಕ್ಕ.

"ಬರ್ರಿ ವೈನಿ. ಊರಿಗೆಲ್ಲಾ ರಂಜಾನ್ ಮುಗೀತು, ಇವರ್ದು ಇನ್ನೂ ಮುಗದಿಲ್ಲ ನೋಡ್ರಿ."

ಇವರು ತಲೆ ತಗ್ಗಿಸಿದರು.

"ಮನ್ಯಾಗ ಹೇಳಾಕ ಏನಾಗಿತ್ರಿ?" ಅಂದೆ.

"ಬೈಲಹೊಂಗಲ ದಾಟಿದ ಮ್ಯಾಲೆ ಒಂದಿನ ಕಣ್ಣಿಗೆ ಕತ್ತಲಿ ಬಂತು. ಹಿಂದ ಹಸುಗೂಸು ಕಟಗೊಂಡು ಮಂದಿ ಕುಂತಿದ್ರು. ಗಾಡಿ ನಿಲ್ಲಿಸಿ ನೀರು ಕುಡದೆ. ಆಮ್ಯಾಲೆ ದೂರದ ಟ್ರಿಪ್ ಇದ್ದಾಗೆಲ್ಲಾ ರೋಜಾ ಬಿಟ್ಟೆ. ಬಿಟ್ಟಿದ್ದನ್ನ ಈಗ ಹಿಡಿದು ತೀರಸಾಕತ್ತೇನಿ. ಮಗಳ ಮುಂದ ಹೆಂಗ ಹೇಳ್ಲಿ? ನಾ ಕೈ ಹಾಕೂತನಾ ಆಕಿ ಖರ್ಜೂರ ಮುಟ್ಟತಿರಲಿಲ್ಲ."

ನನಗೆ ಆ ಮಾತು ಹೊಸದೇನಾಗಿರಲಿಲ್ಲ. ಹೆಂಗಸರಿಗೆ ರಂಜಾನಿನಲ್ಲಿ ಮುಟ್ಟಿನ ದಿನ ರೋಜಾ ಇರುವುದಿಲ್ಲ. ಆ ದಿನ ಅಡುಗೆಮನೆಯ ಬಾಗಿಲಿಗೆ ಬೆನ್ನು ಮಾಡಿ ಎರಡು ತುತ್ತು ತಿನ್ನುತ್ತೇವೆ, ಸಂಜೆ ಎಲ್ಲರ ಸಾಲಿನಲ್ಲಿ ಕೂತು ಖರ್ಜೂರ ಹಿಡಿಯುತ್ತೇವೆ. ಬಿಟ್ಟ ದಿನಗಳನ್ನು ಚಳಿಗಾಲದಲ್ಲಿ ಹಿಡಿದು ತೀರಿಸುತ್ತೇವೆ. ಯಾಕೆ ಉಣ್ಣಲಿಲ್ಲ ಎಂದರೆ "ಹೊಟ್ಟಿ ಬಿಗದೈತಿ" ಅನ್ನುತ್ತೇವೆ. ಆ ಮಾತು ಅವರು ನನ್ನ ಬಾಯಿಂದಲೇ ಕಲಿತಿರಬೇಕು.

"ಆಕಿಗೆ ಹೇಳಬ್ಯಾಡ," ಅಂದರು.

"ಹೇಳೂದಿಲ್ಲ. ದೊಡ್ಡಾಕಿ ಆದ ಮ್ಯಾಲೆ ತಾನ ತಿಳಕೋತಾಳ."

ನನ್ನವೂ ಕೆಲವು ದಿನ ಬಾಕಿ ಇದ್ದವು. ಮುಂದೆ ಗಾಡಿ ನಿಂತ ದಿನ ಇಬ್ಬರೂ ನಸುಕಿನ ಸಹರಿ ಊಟಕ್ಕೆ ಎದ್ದೆವು. ಬಿಸಿ ರೊಟ್ಟಿ ಹಾಕಿಕೊಟ್ಟೆ. ಅವರ ಜೊತೆ ಮುಚ್ಚುಮರೆಯಿಲ್ಲದೆ ಬಿಟ್ಟ ರೋಜಾ ಹಿಡಿದದ್ದು ಅದೇ ಮೊದಲು. ಮಧ್ಯಾಹ್ನ ಸಾಲೆಯಿಂದ ಊಟಕ್ಕೆ ಬಂದ ಮಗಳು ಒಬ್ಬಳೇ ಉಂಡಳು. ಕೈ ತೊಳೆದು ಅವರನ್ನು ನೋಡಿದಳು, ನನ್ನನ್ನು ನೋಡಿದಳು.

"ನೀವ್ಯಾಕ ಉಣವಲ್ರಿ?"

"ಹೊಟ್ಟಿ ಬಿಗದೈತವ್ವಾ," ಅಂದರು ಇವರು.

"ಇಬ್ರದೂನಾ?"

ಅವಳು ಎದ್ದು ಹೋಗಿ ರೊಟ್ಟಿ ಬುಟ್ಟಿಯ ಅರಿವೆ ಎತ್ತಿ ನೋಡಿದಳು. ಒಳಗೆ ರೊಟ್ಟಿ ಬೇಕಾದಷ್ಟಿದ್ದವು. ಮತ್ತೆ ಮುಚ್ಚಿದಳು. ಸಾಲೆಗೆ ಹೊತ್ತಾದರೂ ಹೊರಡದೆ, ನಮ್ಮಿಬ್ಬರ ಬಾಯಿಯೂ ಕಾಣುವ ಹಾಗೆ ಹೊಸ್ತಿಲ ಮೇಲೆ ಕೂತಳು.